‘ಈಗ ಇದ ನಡದೈತ್ರಿ’: ಉಡುಗೆಯ ರೂಢಿ, ಉಡುಗೆಯ ಉದ್ಯಮ

(ಧಾರವಾಡದಲ್ಲಿ ಪದವಿ ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ಸೇರಿಸಿ ಏರ್ಪಡಿಸಿದ್ದ ಸಂಜೆಯ ಉಪನ್ಯಾಸವನ್ನು, ಕೇಳಿದವರ ಒತ್ತಾಯದ ಮೇಲೆ, ಅಲ್ಲಲ್ಲಿ ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಬಂದ ಒಂದೆರಡು ಹಾಸ್ಯಗಳನ್ನು ಬಿಟ್ಟಿದ್ದೇನೆ, ವಾದವನ್ನು ಬಿಟ್ಟಿಲ್ಲ.)

ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನ ಹಳೆಯ ಅಂಗಡಿಗಳಿಗೆ ಮದುವೆಯ ಜವಳಿ ತೆಗೆಯಲು ಹೋದವರಿಗೆಲ್ಲ ಈ ದೃಶ್ಯ ಗೊತ್ತಿರುತ್ತದೆ. ಚಪ್ಪಲಿ ಬಿಟ್ಟು, ಬಿಳಿ ಬಟ್ಟೆ ಹೊದಿಸಿದ ಗಾದಿಯ ಮೇಲೆ ಕುಳಿತರೆ, ಎದುರಿಗಿದ್ದವನು ಕಪಾಟಿನಿಂದ ಒಂದೊಂದೇ ಸೀರೆ ಎಳೆದು, ಮಡಿಕೆ ಬಿಚ್ಚಿ, ಸೆರಗನ್ನು ತನ್ನ ಹೆಗಲ ಮೇಲೆಯೇ ಹಾಕಿಕೊಂಡು ತೋರಿಸುತ್ತಾನೆ. ಕಳೆದ ವರ್ಷ ನನ್ನ ತಂಗಿಯ ಮಗಳ ಮದುವೆಗೆಂದು ಹೋದಾಗ ಅರ್ಧ ಗಂಟೆಯೊಳಗೆ ನಮ್ಮ ಮುಂದೆ ನಲವತ್ತು ಸೀರೆಗಳಾದರೂ ರಾಶಿಯಾಗಿ ಬಿದ್ದಿದ್ದವು. ಅದರಲ್ಲೊಂದನ್ನು ನನ್ನ ತಂಗಿ ಕೈಗೆತ್ತಿಕೊಂಡು, ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದಳು. ಅಂಗಡಿಯವನು ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು, ಇನ್ನೊಂದನ್ನು ಮುಂದೆ ಸರಿಸಿ, “ಅದು ಹೋತ್ರಿ ಅಕ್ಕಾರ, ಈಗ ಇದ ನಡದೈತ್ರಿ” ಎಂದ. ತಂಗಿ ಮರುಮಾತಾಡದೆ ಎರಡನೆಯದನ್ನು ಹಿಡಿದು ನೋಡತೊಡಗಿದಳು. ಮೊದಲಿನ ಸೀರೆಯಲ್ಲಿ ದೋಷವೇನೂ ಇರಲಿಲ್ಲ, ಒಂದು ನಿಮಿಷದ ಹಿಂದೆ ಅವಳಿಗೆ ಅದು ಹಿಡಿಸಿಯೂ ಇತ್ತು. ‘ಅದು ಹೋತು’ ಎಂಬ ಒಂದು ಮಾತಿಗೆ ಅವಳ ಕಣ್ಣಿಗೇ ಅದು ಮಂಕಾಗಿ ಕಂಡಿತು.

ಫ್ಯಾಶನ್ ಎಂದರೇನು ಎಂದು ನನ್ನನ್ನು ಕೇಳಿದರೆ, ಆ ಅಂಗಡಿಯವನ ಎರಡು ಮಾತುಗಳನ್ನೇ ನಾನು ಉತ್ತರವಾಗಿ ಕೊಡುತ್ತೇನೆ. ಬಟ್ಟೆಗೆ ನೂಲು ಬೇಕು, ಉಡುಗೆಗೆ ಮೈ ಬೇಕು, ಫ್ಯಾಶನ್ನಿಗೆ ಮಾತ್ರ ‘ಅದು ಹೋತು’ ಎಂದು ಹೇಳಿ ನಂಬಿಸಬಲ್ಲ ಒಬ್ಬರು ಬೇಕು. ಆ ಮಾತನ್ನು ಹೇಳುವ ಅಧಿಕಾರ ಯಾರ ಕೈಯಲ್ಲಿದೆ, ಅದು ಕೈಯಿಂದ ಕೈಗೆ ಹೇಗೆ ಹೋಯಿತು, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬುದಷ್ಟೇ ಇಂದಿನ ನನ್ನ ವಿಷಯ.

‘ನಡೆ’ ಎಂಬ ನಮ್ಮ ಕ್ರಿಯಾಪದವನ್ನು ಸ್ವಲ್ಪ ಗಮನಿಸಿ. ಕಾಲಿನಿಂದ ನಡೆಯುತ್ತೇವೆ, ಅಂಗಡಿ ನಡೆಯುತ್ತದೆ, ಜಾತ್ರೆ ನಡೆಯುತ್ತದೆ, ಮನುಷ್ಯನ ನಡತೆಯೂ ಅಲ್ಲಿಂದಲೇ ಬಂದದ್ದು. ಹರಿದ ನೋಟನ್ನು ಬಸ್ಸಿನಲ್ಲಿ ಕೊಟ್ಟರೆ ಕಂಡಕ್ಟರ್ “ಇದು ನಡಿಯೂದಿಲ್ಲರಿ” ಎಂದು ಹಿಂದಕ್ಕೆ ಕೊಡುತ್ತಾನೆ. ನೋಟನ್ನೂ ಸೀರೆಯನ್ನೂ ನಾವು ಒಂದೇ ಮಾತಿನಿಂದ ತಳ್ಳಿಹಾಕುತ್ತೇವೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ನೋಟಿನ ಬೆಲೆ ಕಾಗದದಲ್ಲಿಲ್ಲ. ಇನ್ನೊಬ್ಬನು ಅದನ್ನು ತೆಗೆದುಕೊಳ್ಳುತ್ತಾನೆ ಎಂಬ ನಂಬಿಕೆಯಲ್ಲಿದೆ. ನಡೆಯುವ ಸೀರೆಯ ಬೆಲೆಯೂ ಬಹುಮಟ್ಟಿಗೆ ಹಾಗೆಯೇ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಉಪದೇಶದಂತೆ ಹೇಳುತ್ತಿದ್ದರು. ನನಗೆ ಅದು ಈಚೆಗೆ ಅರ್ಥಶಾಸ್ತ್ರದ ಸೂತ್ರದಂತೆ ಕೇಳಿಸುತ್ತದೆ. ಒಂದು ವ್ಯಾಕರಣದ ಮಾತನ್ನೂ ಸೇರಿಸಿಬಿಡುತ್ತೇನೆ: ‘ನಡೆಯುತ್ತದೆ’ ಎಂದಾಗ ತಾನಾಗಿಯೇ ನಡೆಯುತ್ತದೆ ಎಂಬ ಭಾವನೆ ಬರುತ್ತದೆ. ಅದರ ಬೆನ್ನಿಗೇ ‘ನಡೆಸುವುದು’ ಎಂಬ ಇನ್ನೊಂದು ರೂಪವಿದೆ. ಅಂಗಡಿಯವನು ಮೊದಲನೆಯದನ್ನು ಮಾತ್ರ ಹೇಳುತ್ತಾನೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಸಿಮ್ಮೆಲ್ 1904ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಈ ವಿಷಯವನ್ನು ಮನುಷ್ಯನ ಎರಡು ಆಸೆಗಳ ಮೂಲಕ ವಿವರಿಸಿದರು. ಎಲ್ಲರಂತೆ ಇರಬೇಕೆಂಬ ಆಸೆ ಒಂದು, ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂಬ ಆಸೆ ಇನ್ನೊಂದು. ಇವೆರಡನ್ನೂ ಒಂದೇ ಏಟಿಗೆ ಈಡೇರಿಸುವುದು ಫ್ಯಾಶನ್. ಮೇಲಿನ ವರ್ಗದವರು ಉಟ್ಟದ್ದನ್ನು ಕೆಳಗಿನವರು ಅನುಕರಿಸುತ್ತಾರೆ, ಅನುಕರಣೆ ಪೂರ್ತಿಯಾದ ಕೂಡಲೇ ಮೇಲಿನವರು ಅದನ್ನು ಬಿಟ್ಟು ಬೇರೊಂದಕ್ಕೆ ಹೋಗುತ್ತಾರೆ ಎಂಬುದು ಅವರ ವಾದದ ತಿರುಳು. ನಮ್ಮ ಭಾಗದ ಮದುವೆಯ ಹಂದರದಲ್ಲಿ ಒಂದು ತಾಸು ಕುಳಿತವರು ಇದನ್ನು ಸುಳ್ಳೆನ್ನಲಾರರು. ಆದರೆ ಇದು ಅರ್ಧ ಸತ್ಯ ಮಾತ್ರ ಎಂಬುದನ್ನೂ ನಮ್ಮ ಊರುಗಳೇ ತೋರಿಸುತ್ತವೆ.

ಖಾದಿಯನ್ನೇ ತೆಗೆದುಕೊಳ್ಳಿ. 1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮಧುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ಬಿಟ್ಟು ತುಂಡು ಪಂಚೆಗೆ ಇಳಿದಾಗ, ಬಡ ರೈತನ ಉಡುಗೆ ಮೇಲಿನವರ ಆದರ್ಶವಾಯಿತು. ಸಿಮ್ಮೆಲ್ ಹೇಳಿದ ಏಣಿ ಅಲ್ಲಿ ತಲೆಕೆಳಗಾಯಿತು. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದವರು. ಅವರ ಕಾಲದಲ್ಲಿ ಒರಟು ಖಾದಿ ಅಂಗಿ ತೊಟ್ಟು ಊರಲ್ಲಿ ಓಡಾಡುವುದೆಂದರೆ ಪೊಲೀಸರ ಕಣ್ಣಿಗೆ ಬೀಳುವುದೇ ಆಗಿತ್ತು. ಉಡುಗೆಯು ಸಂಸ್ಕೃತಿಯ ಶಕ್ತಿ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆಯನ್ನು ನಾನು ಹುಡುಕಲಾರೆ. ಅದೇ ಖಾದಿ ಸ್ವಾತಂತ್ರ್ಯ ಬಂದ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಧಿಕಾರದ ಸಮವಸ್ತ್ರವಾಗಿ, ಕೊನೆಗೆ “ಖಾದಿ ಹಾಕ್ಯಾನಂದ್ರ ಎಲೆಕ್ಷನ್ ಬಂತು” ಎಂದು ಜನ ನಗುವಲ್ಲಿಗೆ ಬಂದು ನಿಂತಿತು. ಬಟ್ಟೆ ಬದಲಾಗಲಿಲ್ಲ, ಅದು ಹೇಳುವ ಮಾತು ಬದಲಾಯಿತು.

ಇನ್ನೊಂದು ಉದಾಹರಣೆ ಸಭೆಯಲ್ಲಿ ಹೇಳಲು ಸ್ವಲ್ಪ ಸಂಕೋಚದ್ದು, ಆದರೂ ಹೇಳುತ್ತೇನೆ. ನನ್ನ ಜೀವಮಾನದಲ್ಲಿ ಹುಬ್ಬಳ್ಳಿ, ಗದಗ, ಹಾವೇರಿಗಳ ಹೆಣ್ಣುಮಕ್ಕಳ ಉಡುಗೆಯಲ್ಲಿ ಆದ ದೊಡ್ಡ ಕ್ರಾಂತಿ ಯಾವ ವಿನ್ಯಾಸಗಾರನಿಂದಲೂ ಆದದ್ದಲ್ಲ. ಅದನ್ನು ತಂದದ್ದು ನೈಟಿ ಮತ್ತು ಚೂಡಿದಾರ. ನನ್ನ ಅಜ್ಜಿ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದಳು, ತಾಯಿ ಹನ್ನೆರಡು ಮೊಳದ್ದಕ್ಕೆ ಇಳಿದಳು, ಅದೇ ತಾಯಿ ಅರವತ್ತು ದಾಟಿದ ಮೇಲೆ ಮಂಡಿನೋವಿನ ನೆಪದಲ್ಲಿ ನೈಟಿಗೆ ಬಂದಳು. ಬಾಗಿಲಿಗೆ ಹಾಲಿನವನು ಬಂದರೆ ಮಾತ್ರ ಹೆಗಲ ಮೇಲೊಂದು ಟವೆಲ್ ಬೀಳುತ್ತಿತ್ತು. ಆ ಟವೆಲ್ಲಿನಲ್ಲಿ ಸಂಪ್ರದಾಯಕ್ಕೂ ಅನುಕೂಲಕ್ಕೂ ಆದ ಇಡೀ ರಾಜಿ ಒಪ್ಪಂದವಿದೆ. ಯಾವ ಜಾಹೀರಾತೂ ನೈಟಿಯನ್ನು ಸುಂದರವೆಂದು ಹೇಳಿ ಮಾರಲಿಲ್ಲ. ಬೆಳಗ್ಗೆ ನೀರು ತುಂಬುವವರು, ಒಗೆಯುವವರು, ರೊಟ್ಟಿ ಬಡಿಯುವವರು ತಾವೇ ಅದನ್ನು ನಡೆಸಿದರು. ಚೂಡಿದಾರದ ದಾರಿ ಇಷ್ಟು ಸಲೀಸಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯ ಆಡಳಿತದವರು ಶಿಕ್ಷಕಿಯರು ಸೀರೆಯನ್ನೇ ಉಡಬೇಕೆಂದು ಬಾಯಿಮಾತಿನ ಕಟ್ಟಳೆ ಮಾಡಿದ್ದರು. ಮಳೆಗಾಲದಲ್ಲಿ ಎರಡು ಬಸ್ಸು ಬದಲಿಸಿ, ನೆರಿಗೆಯನ್ನು ಕೆಸರಿನಿಂದ ಎತ್ತಿ ಹಿಡಿದು ನಡೆಯುವಾಗ, ಸಂಸ್ಕೃತಿಯನ್ನು ಉಳಿಸುವ ಹೊಣೆ ಗಂಡಸರ ಪ್ಯಾಂಟಿಗೆ ಯಾಕಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ದೋತರ, ರುಮಾಲುಗಳನ್ನು ಅವರು ಯಾರ ಅಪ್ಪಣೆಯನ್ನೂ ಕೇಳದೆ ಬಿಟ್ಟುಕೊಟ್ಟಿದ್ದರು. ಬರಿದಲೆಯಲ್ಲಿ ಹೊರಗೆ ಬೀಳುವುದು ಅಗೌರವವಾಗಿದ್ದ ಊರುಗಳಲ್ಲಿ ಇಂದು ರುಮಾಲು ಸುತ್ತಿದವರನ್ನು ಸನ್ಮಾನದ ವೇದಿಕೆಯಲ್ಲಿ ಮಾತ್ರ ಕಾಣುತ್ತೇವೆ.

ಹೀಗೆ ಉಡುವವರೇ ‘ಇದು ನಡೀತೈತಿ’ ಎಂದು ತೀರ್ಮಾನಿಸುವ ಸಂದರ್ಭಗಳೂ ಇವೆ. ಆದರೆ ಅವು ವಿರಳ. ಸಾಮಾನ್ಯವಾಗಿ ತೀರ್ಮಾನ ಬೇರೆ ಕಡೆಯಿಂದ ಬರುತ್ತದೆ, ಮತ್ತು ಆ ತೀರ್ಮಾನದ ವೇಗಕ್ಕೂ ಬಟ್ಟೆಯನ್ನು ಮಾಡುವ ಕೈಗಳ ವೇಗಕ್ಕೂ ತಾಳೆಯಾಗುವುದಿಲ್ಲ. ಇದನ್ನು ತಿಳಿಯಬೇಕಾದರೆ ಒಂದು ಸೀರೆಯನ್ನು ಹತ್ತಿರದಿಂದ ನೋಡಬೇಕು.

ಇಳಕಲ್ ಸೀರೆ ಬಾಗಲಕೋಟೆ ಜಿಲ್ಲೆಯ ಊರಿನ ಹೆಸರಿನದಾದರೂ ನಮ್ಮೆಲ್ಲರ ಮನೆಯ ಟ್ರಂಕಿನಲ್ಲಿ ಇರುವಂಥದು. ಅದರ ಮೈ ಹತ್ತಿಯದು ಅಥವಾ ರೇಷ್ಮೆ ಬೆರೆತದ್ದು. ಸೆರಗು ಕೆಂಪು ರೇಷ್ಮೆಯದು, ಅದರಲ್ಲಿ ಬಿಳಿಯ ಪಟ್ಟೆಗಳು, ತೆನೆಯ ಆಕಾರಗಳು. ಈ ಮೈ ಮತ್ತು ಸೆರಗು ಬೇರೆಬೇರೆ ಹಾಸುಗಳು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳ ಸಾಲುಗಳು. ಮೈಯ ಹಾಸಿನ ಪ್ರತಿಯೊಂದು ಎಳೆಯ ತುದಿಯ ಕುಣಿಕೆಯೊಳಗೆ ಸೆರಗಿನ ಹಾಸಿನ ಎಳೆಯ ಕುಣಿಕೆಯನ್ನು ತೂರಿಸಿ, ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪ ತೆನಿ ಸೆರಗು ಎಂದು ಕರೆಯುವುದು ಇದನ್ನೇ. ಸಾವಿರಾರು ಎಳೆಗಳನ್ನು ಹೀಗೆ ಒಂದೊಂದಾಗಿ ಕೂಡಿಸಿದ ಮೇಲೆಯೇ ಲಾಳಿ ಓಡುವುದು. ಸೆರಗಿನ ಹಾಸು ಬೇರೆಯಾದ್ದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧವಾಗಬೇಕು. ಉದ್ದಕ್ಕೆ ಹತ್ತು ಸೀರೆಯ ಹಾಸು ಹೂಡಿ ಕತ್ತರಿಸುತ್ತ ಹೋಗುವ ಸೌಕರ್ಯ ಇಲ್ಲಿಲ್ಲ. ವಿದ್ಯುತ್ ಮಗ್ಗಕ್ಕೆ ಬೇಕಾದದ್ದು ನಿಲ್ಲದೆ ಓಡುವ ಉದ್ದನೆಯ ಹಾಸು. ಆದ್ದರಿಂದ ಅದು ಕೊಂಡಿಯನ್ನು ಬಿಟ್ಟು, ಮೈಯ ಹಾಸಿನ ಮೇಲೆಯೇ ಕೆಂಪು ಹೊಕ್ಕು (ಅಡ್ಡ ಎಳೆ) ಹಾಕಿ ಸೆರಗಿನ ನೆರಳನ್ನು ತಯಾರಿಸಿತು. ಎರಡನ್ನೂ ಬಿಸಿಲಿಗೆ ಹಿಡಿದು ನೋಡಿ: ಕೈಮಗ್ಗದ ಸೆರಗು ಅಪ್ಪಟ ಕೆಂಪಾಗಿರುತ್ತದೆ, ಯಂತ್ರದ ಸೆರಗಿನಲ್ಲಿ ಮೈಯ ಬಣ್ಣ ಒಳಗಿನಿಂದ ಇಣುಕುತ್ತದೆ. ಹಿಂದೆ ನಮ್ಮ ಅಜ್ಜಿಯರು ಅಂಗಡಿಯ ಬಾಗಿಲಿಗೆ ಬಂದು ಹೀಗೆ ಹಿಡಿದು ನೋಡುತ್ತಿದ್ದರು. ಇಂದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಅದಕ್ಕಿಂತ ಹೆಚ್ಚಾಗಿ ಫೋನಿನ ಪರದೆಯ ಮೇಲೆ, ಎರಡೂ ಒಂದೇ.

ಇದೇ ಮಾತು ಧಾರವಾಡದ ಕಸೂತಿಗೂ ಅನ್ವಯಿಸುತ್ತದೆ. ನಾನು ಹತ್ತನೆಯ ವರ್ಷಕ್ಕೆ ನಮ್ಮ ಸೋದರತ್ತೆಯ ಹತ್ತಿರ ಗವಂತಿ ಹೊಲಿಗೆಯನ್ನು ಕಲಿತೆ. ಬಟ್ಟೆಯ ಮೇಲೆ ಯಾವ ಗುರುತನ್ನೂ ಹಾಕಿಕೊಳ್ಳುವಂತಿಲ್ಲ. ನೂಲಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಮನೆಯನ್ನು ತುಂಬುತ್ತದೆ, ಬಿಟ್ಟ ಮನೆಗಳನ್ನು ಹಿಂದಿರುಗುವಾಗ ತುಂಬುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ, ಹಿಂದು ಮುಂದು ಎರಡೂ ಒಂದೇ ರೀತಿ ಕಾಣಬೇಕು. ಹೋಗುವಾಗ ಎಲ್ಲೋ ಒಂದು ಎಳೆ ತಪ್ಪಿದ್ದರೆ ಅದು ಆಗ ತಿಳಿಯುವುದಿಲ್ಲ. ಇಡೀ ಗೋಪುರದ ಚಿತ್ತಾರವನ್ನು ಸುತ್ತಿ ಬಂದ ಮೇಲೆ ಕೊನೆಯ ಗೆರೆ ಮೊದಲ ಗೆರೆಯನ್ನು ಮುಟ್ಟದೆ ಪಕ್ಕಕ್ಕೆ ನಿಲ್ಲುತ್ತದೆ. ಅತ್ತೆ ಬೈಯುತ್ತಿರಲಿಲ್ಲ, “ಬಿಚ್ಚು” ಎನ್ನುತ್ತಿದ್ದಳು ಅಷ್ಟೇ. ಮುರ್ಗಿ, ನೇಗಿ, ಮೆಂತೆ ಎಂಬ ಉಳಿದ ಮೂರು ಹೊಲಿಗೆಗಳನ್ನು ಕಲಿಯುವಷ್ಟು ತಾಳ್ಮೆ ನನಗೆ ಬರಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಚಂದ್ರಕಾಳಿ ಸೀರೆಯ ಕಪ್ಪು ನೆಲದ ಮೇಲೆ ತೇರು, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲುಗಳನ್ನು ಹೀಗೆ ಎಣಿಸಿ ಬಿಡಿಸಿದ ಹೆಂಗಸರು ಅದನ್ನು ಮಾರಾಟಕ್ಕೆ ಮಾಡುತ್ತಿರಲಿಲ್ಲ. ಮಗಳ ಮದುವೆಗೋ ಬಸಿರಿನ ಸಂಭ್ರಮಕ್ಕೋ ಮಾಡುತ್ತಿದ್ದರು. ಆಗ ಅವರ ತಾಸುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಕಸೂತಿ ಕಸುಬಾಗಿ, ತುಂಡಿಗಿಷ್ಟು ಎಂಬ ಕೂಲಿಗೆ ಬಂದ ಮೇಲೂ ಆ ಎಣಿಸದ ಅಭ್ಯಾಸ ಮುಂದುವರಿಯಿತು ಎಂಬುದು ನನ್ನ ಆಕ್ಷೇಪ. ‘ಮನೆಯಲ್ಲಿ ಕುಳಿತು ಬಿಡುವಿನಲ್ಲಿ ಮಾಡುವ ಕೆಲಸ’ ಎಂಬ ಮಾತಿನ ಹಿಂದೆ ಕೂಲಿಯನ್ನು ಕಡಿಮೆ ಇಡುವ ಲೆಕ್ಕಾಚಾರವಿದೆ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಸಂತೋಷ. ಆ ಮಾನ್ಯತೆ ಹೆಸರನ್ನು ಕಾಯುತ್ತದೆ. ಚಿತ್ರವನ್ನು ಕಾಯುವುದು ಕಷ್ಟ. ಕಸೂತಿಯ ಗೋಪುರವನ್ನು ಫೋಟೊ ತೆಗೆದು ಪಾಲಿಯೆಸ್ಟರ್ ಕುರ್ತಿಯ ಮೇಲೆ ಅಚ್ಚು ಹಾಕಿದರೆ, ಅದರ ಹೆಸರು ‘ಎತ್ನಿಕ್ ಪ್ರಿಂಟ್’ ಎಂದಾಗುತ್ತದೆ, ಅಷ್ಟರಲ್ಲಿ ಕಾನೂನಿನ ಕೈ ತಪ್ಪುತ್ತದೆ.

ಹೆಸರು ಯಾರದ್ದಾಗುತ್ತದೆ ಎಂಬ ಪ್ರಶ್ನೆ ಈ ಉದ್ಯಮದ ಹುಟ್ಟಿನಿಂದಲೂ ಇದೆ. ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಉಡುಪಿನ ಮಳಿಗೆ ತೆರೆದು, ತಾನು ಮಾಡಿಸಿದ ನಿಲುವಂಗಿಗಳ ಒಳಭಾಗದಲ್ಲಿ, ಚಿತ್ರಕಾರ ಸಹಿ ಹಾಕುವಂತೆ, ತನ್ನ ಹೆಸರಿನ ಪಟ್ಟಿ ಹೊಲಿಸಿದ. ಅಲ್ಲಿಯವರೆಗೆ ಗಿರಾಕಿ ಹೇಳಿದಂತೆ ದರ್ಜಿ ಹೊಲಿಯುತ್ತಿದ್ದ. ವರ್ತ್ ಬಂದ ಮೇಲೆ ದರ್ಜಿ ಹೇಳಿದ್ದನ್ನು ಗಿರಾಕಿ ಉಡತೊಡಗಿದಳು. ‘ಅದು ಹೋತು’ ಎನ್ನುವ ಅಧಿಕಾರ ಅರಮನೆಯಿಂದ ಮಳಿಗೆಗೆ ಸ್ಥಳಾಂತರವಾದದ್ದು ಹೀಗೆ.

ಅದೇ ಹೊತ್ತಿಗೆ ನಮ್ಮ ಎರೆಭೂಮಿಯಲ್ಲಿ ಏನು ನಡೆದಿತ್ತು? 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಧಾರವಾಡ ಜಿಲ್ಲೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಆಗ ಗದಗವೂ ಹಾವೇರಿಯೂ ಅದೇ ಜಿಲ್ಲೆಯಲ್ಲಿದ್ದವು. ಇಲ್ಲಿಯ ಹತ್ತಿ ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹೀಗಾಗಿ ನಮ್ಮ ನಾಡ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ಬಂದ ಹೆಸರು ‘ಕೂಮ್ಟಾ’. ಒಂದು ಬೊಗಸೆ ಹತ್ತಿಯನ್ನೂ ಬೆಳೆಯದ ಕಡಲ ತೀರದ ಊರು ಹೆಸರು ಪಡೆಯಿತು. ‘ಧಾರವಾಡ’ ಎಂಬ ಹೆಸರು ಹೋದದ್ದು ಅಮೆರಿಕದಿಂದ ಬೀಜ ತಂದು ಇಲ್ಲಿ ಬಿತ್ತಿಸಿದ ತಳಿಗೆ. ಇದನ್ನು ಓದಿದಾಗಲೆಲ್ಲ ನನಗೆ ವರ್ತ್‌ನ ಹೆಸರಿನ ಪಟ್ಟಿ ನೆನಪಾಗುತ್ತದೆ.

ಇಷ್ಟು ಹೇಳಿ ಧಾರವಾಡದ ಋಣವನ್ನು ಹೇಳದಿದ್ದರೆ ತಪ್ಪಾದೀತು. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ತಳಿಯನ್ನು ಕೊಟ್ಟರು. ಆಮೇಲೆ ಇಲ್ಲಿಂದಲೇ ‘ಡಿಸಿಎಚ್-32’ ಬಂತು. ಉದ್ದ ಎಳೆಯ ನಯವಾದ ನೂಲಿಗೆ ವಿದೇಶದ ಹತ್ತಿಯನ್ನು ಕಾಯುತ್ತಿದ್ದ ದೇಶಕ್ಕೆ ಇವು ದೊಡ್ಡ ಆಸರೆಯಾದವು. ದುಬಾರಿ ಅಂಗಿಯ ಕಾಲರಿನಲ್ಲಿ ಈ ಊರಿನ ಹೆಸರು ಎಲ್ಲೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕಥೆಯೂ ಅಷ್ಟೇ. ಅದರ ಕಡುಗೆಂಪು ಬಣ್ಣದ ಸತ್ವವನ್ನು ತೆಗೆದು ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಬಳಸುತ್ತಾರೆ. ಬ್ಯಾಡಗಿಯ ಪೇಟೆಯಲ್ಲಿ ಕೆಮ್ಮುತ್ತ, ಕಣ್ಣೀರಿಡುತ್ತ, ತಲೆಗೆ ಬಟ್ಟೆ ಸುತ್ತಿಕೊಂಡು ತೊಟ್ಟು ಮುರಿಯುವ ಹೆಂಗಸರಿಗೂ ಆ ಕೆಂಪು ತುಟಿಗಳಿಗೂ ಇರುವ ನಂಟನ್ನು ಯಾವ ಡಬ್ಬಿಯೂ ಹೇಳುವುದಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಅಧಿಕಾರದ ವೇಗವೇ ಬದಲಾಯಿತು. 1975ರಲ್ಲಿ ಸ್ಪೇನಿನಲ್ಲಿ ಮೊದಲ ಅಂಗಡಿ ತೆರೆದ ಝಾರಾದಂಥ ಕಂಪನಿಗಳು ವಿನ್ಯಾಸದಿಂದ ಮಾರಾಟದವರೆಗಿನ ಕಾಲವನ್ನು ತಿಂಗಳುಗಳಿಂದ ವಾರಗಳಿಗೆ ಇಳಿಸಿದವು. ವರ್ಷಕ್ಕೆ ಎರಡು ಸಲ ಹಳೆಯದಾಗುತ್ತಿದ್ದ ಉಡುಪು ತಿಂಗಳಿಗೆ ಎರಡು ಸಲ ಹಳೆಯದಾಗತೊಡಗಿತು. ಈ ಅವಸರದ ಭಾರ ಬಿದ್ದದ್ದು ಹೊಲಿಯುವವರ ಮೇಲೆ. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಗಾರ್ಮೆಂಟ್ ಕಾರ್ಮಿಕ ಹೆಣ್ಣುಮಕ್ಕಳು. ಗೋಡೆಗಳಲ್ಲಿ ಬಿರುಕು ಹಿಂದಿನ ದಿನವೇ ಕಂಡಿತ್ತು, ಕೆಳಗಿನ ಬ್ಯಾಂಕು, ಅಂಗಡಿಗಳವರು ಬಾಗಿಲು ಹಾಕಿದ್ದರು. ಮೇಲಿನ ಮಹಡಿಗಳ ಹೊಲಿಗೆಯವರನ್ನು ಮಾತ್ರ ಒಳಗೆ ಕಳಿಸಲಾಯಿತು, ಏಕೆಂದರೆ ಮಾಲು ಹೋಗುವ ದಿನ ಹತ್ತಿರವಿತ್ತು.

ನಮ್ಮ ಊರಿನ ಪಕ್ಕದಲ್ಲೇ, ಹಳೆಯದಾಗಲು ಅಪ್ಪಣೆಯೇ ಇಲ್ಲದ ಒಂದು ಬಟ್ಟೆ ತಯಾರಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮುದ್ರೆಯುಳ್ಳ ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ಧ್ವಜದ ಅಳತೆ, ಬಣ್ಣ, ನೂಲಿನ ಎಣಿಕೆಗಳನ್ನು ಗೊತ್ತುಮಾಡಿದ ದಾಖಲೆ ಭಾರತೀಯ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದು. ಆರು ಇಂಚಿಗೆ ನಾಲ್ಕು ಇಂಚಿನ ಮೇಜಿನ ಧ್ವಜದಿಂದ ಇಪ್ಪತ್ತೊಂದು ಅಡಿಗೆ ಹದಿನಾಲ್ಕು ಅಡಿಯ ಕೋಟೆಯ ಧ್ವಜದವರೆಗೆ ಒಂಬತ್ತು ಅಳತೆಗಳಿವೆ. ಬಟ್ಟೆಯನ್ನು ಬಾಗಲಕೋಟೆ ಕಡೆಯಲ್ಲಿ ಕೈಯಿಂದ ನೂತು ನೇಯ್ದು ತಂದು, ಬೆಂಗೇರಿಯಲ್ಲಿ ಬಣ್ಣ ಹಾಕಿ, ಚಕ್ರ ಮುದ್ರಿಸಿ, ಹೊಲಿಯುತ್ತಾರೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಇಲ್ಲಿ ಯಂತ್ರದ ಸೀರೆಗಳ ಸೂರತ್ತಾಗಲಿ ಪ್ಯಾರಿಸ್ಸಾಗಲಿ ‘ಅದು ಹೋತು’ ಎನ್ನುವಂತಿಲ್ಲ. ಹಾಗೆಂದು ನಾನೂ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ಮಾಡಿದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅವಕಾಶವಾಯಿತು. ಮರುವರ್ಷದ ಆಗಸ್ಟಿನಲ್ಲಿ ಮನೆ ಮನೆಯ ಮೇಲೆ ಧ್ವಜ ಹಾರಿದಾಗ ಬೆಂಗೇರಿಯವರು ಪ್ರತಿಭಟನೆಗೆ ಕುಳಿತಿದ್ದರು. ಎಲ್ಲರಿಗೂ ಕಡಿಮೆ ಬೆಲೆಗೆ ಧ್ವಜ ಸಿಗಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಖಾದಿಯು ಧ್ವಜದ ಬಟ್ಟೆ ಮಾತ್ರವಾಗಿರಲಿಲ್ಲ, ಧ್ವಜದ ಅರ್ಥದ ಒಂದು ಭಾಗವಾಗಿತ್ತು. ಅದು ಒಂದು ತಿದ್ದುಪಡಿಯಿಂದ ಹಲವು ಬಟ್ಟೆಗಳಲ್ಲಿ ಒಂದಾಯಿತು.

ಹೋದದ್ದು ಮರಳಿ ಬರುವುದೂ ಉಂಟು. ಗುಳೇದಗುಡ್ಡದ ಖಣವನ್ನು ನಮ್ಮ ತಾಯಂದಿರು ಕುಪ್ಪಸಕ್ಕೆ ಹೊಲಿಸುತ್ತಿದ್ದರು, ಉಡಿ ತುಂಬುವಾಗ ಕೊಡುತ್ತಿದ್ದರು. ನನ್ನ ಪ್ರಾಯದವರು ಅದನ್ನು ಹಳ್ಳಿಯವರದ್ದೆಂದು ಮೂಗು ಮುರಿದೆವು. ಉಡಿಯಲ್ಲಿ ಬಂದ ಖಣ ಮನೆಯಿಂದ ಮನೆಗೆ ಉಡಿಯಾಗಿಯೇ ತಿರುಗಿತು, ಯಾರೂ ಹೊಲಿಸಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಅದೇ ಖಣ ಪುಣೆ, ಮುಂಬಯಿಗಳ ಹುಡುಗಿಯರ ಸೀರೆಯಾಗಿ, ಚೀಲವಾಗಿ, ಕಿವಿಯೋಲೆಯಾಗಿ ಇನ್‌ಸ್ಟಾಗ್ರಾಮಿನಲ್ಲಿ ಮೆರೆಯಿತು, ಮತ್ತು ಅಲ್ಲಿಂದ ಸುತ್ತಿಕೊಂಡು ನಮ್ಮ ಅಂಗಡಿಗಳಿಗೆ ‘ಹೊಸದಾಗಿ’ ಬಂತು. ಗದಗ ಜಿಲ್ಲೆಯ ಗಜೇಂದ್ರಗಡದ ಕಡೆಯ ಪಟ್ಟೇದ ಅಂಚು ಸೀರೆಯೂ ಹೀಗೆ ಮರಳಿ ಬಂದದ್ದು. ಮೈತುಂಬ ಚೌಕಡಿ, ಎರಡೂ ಕಡೆ ಅಗಲವಾದ ಅಂಚು, ಹೊಲದಲ್ಲಿ ದುಡಿದರೂ ಬಾಳಿಕೆ ಬರುವ ಹತ್ತಿ. ಇದನ್ನು ಮರಳಿ ನಡೆಸಿದವರ ಶ್ರಮವನ್ನು ನಾನು ಗೌರವಿಸುತ್ತೇನೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕಸುಬನ್ನು ನೆಚ್ಚಿದವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಸುಮಾರು ಶೇ 72ರಷ್ಟು ಹೆಂಗಸರು. ಅವರ ಕೈಗೆ ಕೆಲಸ ಬಂದರೆ ಅದು ಒಳ್ಳೆಯದೇ. ನನ್ನ ತಕರಾರು ಒಂದೇ. ಖಣ ಹೋಯಿತು ಎಂದು ಹೇಳಿದವರು ನೇಕಾರರಲ್ಲ, ಬಂತು ಎಂದು ಹೇಳಿದವರೂ ಅವರಲ್ಲ.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹಂಗಾದ್ರ ನಾವು ಜೀನ್ಸ್ ಬಿಟ್ಟು ಕೈಮಗ್ಗದ ಸೀರಿನ ಉಡಬೇಕೇನ್ರಿ ಮೇಡಂ?” ಎಂದು ಕೇಳಿದಳು. ಹಾಗೆ ನಾನು ಹೇಳಲಾರೆ; ಸೀರೆಯ ಕಟ್ಟಳೆಯಿಂದ ತೊಂದರೆಪಟ್ಟವಳು ನಾನೇ. ಅವಳಿಗೆ ಉತ್ತರವಾಗಿ ಒಂದು ಭೇಟಿಯ ಸಂಗತಿಯನ್ನು ಹೇಳಿದೆ, ಅದನ್ನೇ ಇಲ್ಲಿಯೂ ಬರೆಯುತ್ತೇನೆ.

ಕಳೆದ ಶ್ರಾವಣದಲ್ಲಿ ಗಜೇಂದ್ರಗಡದ ಒಬ್ಬ ನೇಕಾರರ ಮನೆಗೆ ಹೋಗಿದ್ದೆ. ಹೊರಗಿನ ಖೋಲಿಯಲ್ಲಿ ಕುಣಿಮಗ್ಗ, ಗೋಡೆಗೆ ದೇವರ ಪಟ, ಅದರ ಪಕ್ಕದಲ್ಲಿ ಚಾರ್ಜಿಗೆ ಇಟ್ಟ ಫೋನು. ದೊಡ್ಡ ಊರಿನ ವ್ಯಾಪಾರಿಯೊಬ್ಬರು ವಾಟ್ಸ್ಯಾಪಿನಲ್ಲಿ ಬಣ್ಣದ ಚಿತ್ರ ಕಳಿಸುತ್ತಾರೆ, ಇವರು ನೇಯುತ್ತಾರೆ. ಹಿಂದಿನ ಸಲ ಎಲೆಹಸಿರಿನ ಮೈಗೆ ಕೆಂಪು ಅಂಚು ಎಂದು ಹೇಳಿದ್ದರಂತೆ. ಇವರು ಸಾಲ ತಂದು ನೂಲು ಕೊಂಡು, ಬಣ್ಣ ಹಾಕಿಸಿ, ಹಾಸು ಹೂಡಿ, ಹೆಂಡತಿಯನ್ನು ಕಂಡಿಕೆ ಸುತ್ತಲು ಕೂಡಿಸಿ, ಎರಡನೆಯ ಸೀರೆ ಮಗ್ಗದಿಂದ ಇಳಿಯುವ ಹೊತ್ತಿಗೆ ಫೋನಿನಲ್ಲಿ ಇನ್ನೊಂದು ಚಿತ್ರ ಬಂತು: ಹಸಿರು ಹೋಯಿತು, ಈಗ ತಿಳಿಗುಲಾಬಿ ನಡೆದಿದೆ. ಮಗ್ಗದ ಮೇಲೆ ಹೂಡಿದ ಹಾಸನ್ನು ಕತ್ತರಿಸಿ ಎಸೆಯಲಾಗುವುದಿಲ್ಲವಲ್ಲ, ಉಳಿದ ಸೀರೆಗಳನ್ನೂ ಅವರು ಹಸಿರಿನಲ್ಲೇ ನೇಯ್ದು ಮುಗಿಸಿದರು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದ ಆ ಸೀರೆಗಳನ್ನು ಬಿಚ್ಚಿ ತೋರಿಸಿದರು. ಹೊಸ ಹತ್ತಿಯ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ವ್ಯಾಪಾರಿ ಅರ್ಧ ಬೆಲೆಗಾದರೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ, ಇವರು ಕೊಟ್ಟಿಲ್ಲ. ಸಾಲದ ಬಡ್ಡಿ ಏರುತ್ತಿದೆಯಲ್ಲ, ಸ್ವಲ್ಪ ರಿಯಾಯಿತಿ ಮಾಡಿ ಕೊಟ್ಟುಬಿಡಬಾರದೇ ಎಂದು ನಾನು ಕೇಳಿದೆ. ಅವರು ಸೀರೆಯನ್ನು ಮೊದಲಿನ ಮಡಿಕೆಗೇ ಮಡಚುತ್ತ, “ಕಡಿಮಿಗೆ ಕೊಟ್ರ ಇದು ಹಳೇದಾತು ಅಂತ ನಾನ ಒಪ್ಪಿಕೊಂಡಂಗಾತಲ್ರಿ ಅಕ್ಕಾರ” ಎಂದರು.